ಮೇಪಲ್ ಸಸಿ ಬೊಡ್ಡಿ ಈಗ ಕಡಿಲೇನು, ಬ್ಯಾಡೇನು?

ಬ್ರಹ್ಮಪುರ_ಮಾಳಗಿ, ಕಲಬುರಗಿ · ಫೆಬ್ರವರಿ ೨

ಎಲ್ಲಾರಿಗೂ ಶರಣಾರ್ಥಿ.

ನಮ್ಮ ಅಕ್ಕನ ಮನಿಯವರು ಹಿಮಾಚಲದ ಪಾಲಂಪುರದಾಗ ನೌಕರಿಗಿ ಇದ್ದಾರ. ಹೋದ ಯುಗಾದಿಗಿ ಬರೋವಾಗ ಅಕ್ಕ ಒಂದು ಟ್ರೈಡೆಂಟ್ ಮೇಪಲ್ ಸಸಿ ತಂದ್ಲು. ಎರಡು ದಿನ ರೈಲಿನಾಗ ತೊಡಿ ಮ್ಯಾಲ ಇಟ್ಕೊಂಡು ಬಂದದ್ದು. ಅದಕ್ಕ ಈ ಗಿಡದ ಮ್ಯಾಲ ನನ್ನ ಜೀವ ಅದ.

ಎತ್ತರ ಮೂರು ಫೂಟ್. ಬುಡದಾಗ ನನ್ನ ಕಿರುಬೆರಳಿನಷ್ಟು ದಪ್ಪ, ಕೋಲಿನಂಗ ನೆಟ್ಟಗ. ಹೋದ ಬ್ಯಾಸಗಿ ಹಸಿರು ನೆಟ್ ಕೆಳಗ ಇಟ್ಟು ಉಳಿಸೀನಿ. ಮೇ ತಿಂಗಳದಾಗ ಎಲಿ ಅಂಚೆಲ್ಲ ಹಂಚಿನ ಮ್ಯಾಲ ರೊಟ್ಟಿ ಸೀದಂಗ ಸೀದು ಹೋಗಿದ್ವು. ಜನವರಿ ನಡುವ ಎಲಿ ಉದುರಿ, ಈಗ ಮೊಗ್ಗಿ ಉಬ್ಬಲಿಕ್ಕತ್ಯಾವ. ಜೋಳದ ಕಾಳಿನಷ್ಟೂ ಇಲ್ಲ, ಕೆಂಪಗ, ಎದುರುಬದುರು ಜೋಡಿ ಜೋಡಿ.

ನನಗ ಬೇಕಾದದ್ದು ಒಂದು ಫೂಟಿನ ಬೋನ್ಸಾಯ್, ಅಂದ್ರ ತಟ್ಟಿ ಒಳಗ ಬೆಳೆಸೋ ಮೋಟ ಗಿಡ, ಬುಡ ದಪ್ಪ ಇರಬೇಕು. ವಿಡಿಯೋದಾಗ ಎಲ್ಲಾರೂ ಬುಡದಿಂದ ನಾಕಿಂಚಿಗಿ ಗರಗಸ ಹಚ್ತಾರ. ನಾನೂ ಹೊಸಾ ಗರಗಸ ತಂದಿಟ್ಟೀನಿ. ಈಗ ಕಡಿಲೇನು? ಯಾವ ಗಿಣ್ಣಿನ ಮ್ಯಾಲ? ಗಾಯಕ್ಕ ಏನ್ ಹಚ್ಚಬೇಕು? ತಿಳಿದವರು ಹೇಳ್ರಿ.

ಚಿಂಚೋಳಿ_ಚಿಗುರು · ಫೆಬ್ರವರಿ ೨

ಕಡೀರಿ. ನಾನು ತೋಳು ದಪ್ಪದ ಫೈಕಸ್ (ಆಲದ ಜಾತಿ ಗಿಡ) ನಾಕಿಂಚಿಗಿ ಕಡಿದೆ, ಇಪ್ಪತ್ತು ದಿನದಾಗ ಸುತ್ತೂಕಡಿ ಚಿಗುರು ಬಂತು. ಅಂಜಬ್ಯಾಡ್ರಿ.

ಸೇಡಂರೋಡ್_ಅಕ್ಕ, ಕಲಬುರಗಿ · ಫೆಬ್ರವರಿ ೨

ಚಿಂಚೋಳಿ ತಮ್ಮಾ, ನಿಂದು ತೋಳು ದಪ್ಪ ಇತ್ತು. ಇವರದು ಕಿರುಬೆರಳು. ಎರಡಕ್ಕೂ ಒಂದೇ ಮಾತು ಹ್ಯಾಂಗ ಹೇಳ್ತಿ?

ಬ್ರಹ್ಮಪುರದ ಅಣ್ಣಾ, ಗರಗಸ ಒಳಗ ಇಡ್ರಿ. ಕಡಿದ್ರ ಬೊಡ್ಡಿ ದಪ್ಪ ಆಗ್ತದ ಅಂತ ಭಾಳ ಮಂದಿ ತಿಳ್ಕೊಂಡಾರ, ಖರೆ ಅಂದ್ರ ಉಲ್ಟಾ. ಎಲಿ ಬಿಸಿಲಿನಾಗ ಅಡಿಗಿ ಮಾಡ್ತದ, ಆ ಊಟ ತೊಗಟಿ ಒಳಗಿಂದ ಬೇರಿಗಿ ಇಳಿತದ, ಇಳಿಯೋ ದಾರಿಗುಂಟ ಬೊಡ್ಡಿ ಹೊಸ ಕಟ್ಟಿಗಿ ಕಟ್ಕೊಂತ ಹೋಗ್ತದ. ಎಲಿ ಎಷ್ಟು ಜಾಸ್ತಿ, ಬೊಡ್ಡಿ ಅಷ್ಟು ಲಗು ದಪ್ಪ. ಮೂರು ಫೂಟಿನ ಗಿಡ ನಾಕಿಂಚಿಗಿ ಕಡಿದ್ರ ಅಡಿಗಿ ಮಾಡೋರೇ ಇರಂಗಿಲ್ಲ. ಚಿಗುರು ಬರ್ತದ, ಗಿಡ ಸಾಯಂಗಿಲ್ಲ, ಆದ್ರ ಕಿರುಬೆರಳು ಕಿರುಬೆರಳಾಗೇ ವರ್ಷಾನುಗಟ್ಲೆ ನಿಂದರ್ತದ.

ಬೊಡ್ಡಿ ಕಡಿಯೋದು ದಪ್ಪ ಮಾಡ್ಲಿಕ್ಕಲ್ಲ. ಕೆಳಗ ದಪ್ಪ, ಮ್ಯಾಲ ಹೋದಂಗ ಸಣ್ಣ ಆಗ್ಲಿ ಅಂತ ಕಡೀತಾರ. ಹಳೇ ಹುಣಸಿಮರ ದೂರದಿಂದ ನೋಡ್ರಿ, ಮುಪ್ಪು ಆ ಬುಡದಾಗೇ ಕಾಣ್ತದ. ಬುಡ ನಮಗ ಬೇಕಾದಷ್ಟು ದಪ್ಪ ಆದ ಮ್ಯಾಲೇ ಗರಗಸ. ನಾವು ಬಳಸೋ ಲೆಕ್ಕ ಅಂದ್ರ ಗಿಡದ ಎತ್ತರ ಬುಡದ ದಪ್ಪಕ್ಕ ಆರು ಪಟ್ಟು. ನಿಮಗ ಒಂದು ಫೂಟಿನ ಗಿಡ ಬೇಕಂದ್ರ ಬುಡ ಎರಡಿಂಚು ಇರಬೇಕು. ನಿಮ್ಮಲ್ಲಿ ಅರ್ಧ ಇಂಚೂ ಇಲ್ಲ.

ನಾನು ಮೊದಲು ಇದೇ ತಪ್ಪು ಮಾಡೀನಿ. ಒಂದೇ ಹುಣಸಿಕಾಯಿದು ಎರಡು ಬೀಜ ಹಚ್ಚಿದ್ದೆ. ಒಂದು ಬೆರಳು ದಪ್ಪ ಇದ್ದಾಗೇ ಕಡಿದು ತಟ್ಟಿಗಿ ಹಾಕ್ದೆ, ಇನ್ನೊಂದು ಹಿತ್ತಲಾಗ ನೆಲಕ್ಕ ಬಿಟ್ಟೆ. ಎಂಟು ವರ್ಷ ಆತು. ತಟ್ಟಿದು ಈಗೂ ಬೆರಳೇ. ಹಿತ್ತಲದ್ದು ನನ್ನ ಎರಡೂ ಕೈ ಮುಷ್ಟಿ ಕೂಡಿಸಿದ್ರೂ ಹಿಡಿಯಂಗಿಲ್ಲ.

ಕಾಗಿಣಾ_ದಂಡಿ, ಚಿತ್ತಾಪುರ · ಫೆಬ್ರವರಿ ೩

ಅಕ್ಕೋರೆ, ಒಂದು ಮಾತು ಒಪ್ಪಲಾರೆ. ನಾವು ತೊಗರಿ ಬಿತ್ತಿ ಒಂದೂವರಿ ತಿಂಗಳಿಗಿ ಕುಡಿ ಚಿವುಟ್ತೀವಿ. ಚಿವುಟಿದ ತೊಗರಿ ಟೊಂಗಿ ಒಡೆದು ಬೊಡ್ಡಿ ಗಟ್ಟಿ ಆಗ್ತದ, ಚಿವುಟಲಾರದ್ದು ಉದ್ದ ಬೆಳೆದು ಗಾಳಿಗಿ ಬೀಳ್ತದ. ಕಡಿದ್ರ ಸೊರಗ್ತದ ಅನ್ನೋದು ಎಲ್ಲಾ ಕಡಿ ಖರೆ ಅಲ್ಲ.

ಸೇಡಂರೋಡ್_ಅಕ್ಕ · ಫೆಬ್ರವರಿ ೩

ನೀವು ಚಿವುಟೋದು ಎರಡು ಬೆರಳು ಕುಡಿ. ಕೆಳಗಿನ ಎಲಿ ಎಲ್ಲಾ ಹಂಗೇ ಇರ್ತಾವ. ಅಡಿಗಿ ನಿಂದ್ರಂಗಿಲ್ಲ, ಬದಲಿಗೆ ಹತ್ತು ಟೊಂಗಿ ಬಂದು ಇನ್ನೂ ಜಾಸ್ತಿ ಆಗ್ತದ. ತೊಗರಿ ನೆಲದಿಂದ ನಾಕಿಂಚಿಗಿ ಕಡಿದು ನೋಡ್ರಿ, ಏನ್ ಆಗ್ತದ ಹೇಳ್ರಿ.

ಕಾಗಿಣಾ_ದಂಡಿ · ಫೆಬ್ರವರಿ ೩

ಹಾಂ, ಅದು ಬ್ಯಾರೆ. ಒಪ್ಪಿದೆ.

ಅವ್ವನ_ತ್ವಾಟ · ಫೆಬ್ರವರಿ ೩

ಆಕಾಶಕ್ಕ ಬೆಳಿಯೋ ಗಿಡ ಕಡಿದು ಕಡಿದು ತಟ್ಟಿ ಒಳಗ ಕುಂದ್ರಸೋದು ನನಗ ಸೇರಂಗಿಲ್ಲ. ಸಿಟ್ಟಾಗಬ್ಯಾಡ್ರಿ, ಮನಸ್ಸಿಗಿ ಬಂದದ್ದು ಹೇಳ್ದೆ.

ಕಾಗಿಣಾ_ದಂಡಿ · ಫೆಬ್ರವರಿ ೩

ಅವ್ವಾ, ದ್ರಾಕ್ಷಿಗಿ ವರ್ಷಕ್ಕ ಎರಡು ಸಲ ಚಾಟ್ನಿ ಮಾಡ್ತೀವಿ, ಅಂದ್ರ ಟೊಂಗಿ ಕಡೀತೀವಿ, ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ. ಮಾಡಲಿಲ್ಲಂದ್ರ ಬಳ್ಳಿ ಬರೇ ಎಲಿ ಆಗಿ ಕೂಡ್ತದ. ಕಡಿಯೋ ಕೈಗಿ ಗಿಡದ ಕಾಳಜಿ ಇತ್ತಂದ್ರ ಅದು ಹಿಂಸಾ ಅಲ್ಲ. ನೀರು ಮರೆತು ಒಣಗಸೋದು ಹಿಂಸಾ.

ಆಳಂದ_ಟೊರಾಂಟೊ · ಫೆಬ್ರವರಿ ೩

ನಾನು ಆಳಂದದವ, ಹದಿಮೂರು ವರ್ಷ ಆತು ಟೊರಾಂಟೊದಾಗ. ಹಿತ್ತಲಾಗ ನಾಕು ಟ್ರೈಡೆಂಟ್ ಅವ. ಅಕ್ಕೋರ ಮಾತು ನೂರಕ್ಕ ನೂರು ಖರೆ. ಅದಕ್ಕ ಇನ್ನೆರಡು ಕೂಡಸ್ತೀನಿ.

ಒಂದು, ಮೇಪಲ್ ಮೊಗ್ಗಿ ಉಬ್ಬೋ ಹೊತ್ತಿನಾಗ ಕಡಿದ್ರ ಗಾಯದಿಂದ ನೀರು ಸೋರ್ತದ. ಇಲ್ಲಿ ಮಾರ್ಚ್ ಹೊತ್ತಿಗಿ ರಾತ್ರಿ ಸೊನ್ನೆ ಡಿಗ್ರಿ ಕೆಳಗ, ಹಗಲು ಸೊನ್ನೆ ಮ್ಯಾಲ ಇರ್ತದ. ಆಗ ಸಕ್ಕರಿ ಮೇಪಲ್ ಬೊಡ್ಡಿಗಿ ತೂತು ಹಾಕಿ ಆ ನೀರೇ ಹಿಡೀತಾರ. ೪೦ ಲೀಟರ್ ನೀರು ಕುದಿಸಿದ್ರ ಒಂದು ಲೀಟರ್ ಪಾಕ. ದೊಡ್ಡ ಮರಕ್ಕ ಅದು ಲೆಕ್ಕಕ್ಕಿಲ್ಲ, ಸಣ್ಣ ಸಸಿಗಿ ಅದು ವರ್ಷದ ಕೂಡಿಟ್ಟ ರೊಕ್ಕ. ಅದಕ್ಕ ಮೇಪಲ್ ಕಡಿಯೋ ಹೊತ್ತು ಎರಡು. ಎಲಿ ಉದುರಿ ಗಿಡ ಪೂರಾ ನಿದ್ದಿ ಒಳಗ ಇದ್ದಾಗ, ಇಲ್ಲಾಂದ್ರ ಹೊಸ ಎಲಿ ಬಲಿತು ದಪ್ಪ ಆದ ಮ್ಯಾಲ. ನಿಮ್ಮ ಕಲಬುರಗಿ ಒಳಗ ಎಲಿ ಬಲಿಯೋದ್ರಾಗ ಮಾರ್ಚ್ ಮುಗಿತದ, ಮುಂದ ಉರಿಬಿಸಿಲು. ಕಡಿದ ಗಿಡದ ಎಳೇ ಚಿಗುರು ಆ ಬಿಸಿಲಿಗಿ ತಾಳಂಗಿಲ್ಲ.

ಎರಡು, ಮೇಪಲ್‌ಗಿ ನಿದ್ದಿ ಬೇಕು. ೭ ಡಿಗ್ರಿ ಕೆಳಗಿನ ಥಂಡಿ ವಾರಗಟ್ಲೆ ಸಿಕ್ರ ಮಾತ್ರ ಮೊಗ್ಗಿ ಸರಿಯಾಗಿ ಒಡೀತದ. ಕಲಬುರಗಿ ಒಳಗ ಅಷ್ಟು ಥಂಡಿ ಎಲ್ಲಿದು? ನಿಮ್ಮ ಪುಣ್ಯ, ನಿಮ್ಮದು ಟ್ರೈಡೆಂಟ್. ಜಪಾನಿ ಮೇಪಲ್‌ಗಿಂತ ಬಿಸಿಲಿಗಿ ಗಟ್ಟಿ.

ಶಹಾಪುರ_ಮಾಸ್ತರ, ಯಾದಗಿರಿ ಜಿಲ್ಲಾ · ಫೆಬ್ರವರಿ ೪

ನಡುವ ಬಂದು ಕೇಳ್ತೀನಿ, ಕ್ಷಮಿಸ್ರಿ. ಕೆನಡಾ ಬಾವುಟದಾಗ ಇರೋದು ಇದೇ ಗಿಡದ ಎಲಿ ಏನ್ರಿ? ಸಾಲಿ ಹುಡುಗರು ಕೇಳಿದ್ರು.

ಆಳಂದ_ಟೊರಾಂಟೊ · ಫೆಬ್ರವರಿ ೪

ಅಲ್ರಿ ಮಾಸ್ತರ. ಬಾವುಟದ ಎಲಿಗಿ ೧೧ ಚೂಪು ಅವ, ಚಿತ್ರಕಾರರು ಸರಳ ಮಾಡಿ ಬರೆದದ್ದು. ೧೯೬೫ರ ಫೆಬ್ರವರಿ ೧೫ಕ್ಕ ಆ ಬಾವುಟ ಏರಿಸಿದ್ರು. ಟ್ರೈಡೆಂಟ್ ಎಲಿಗಿ ಮೂರೇ ಚೂಪು, ತ್ರಿಶೂಲದಂಗ. ಹೆಸರು ಬಂದದ್ದೇ ಅದರಿಂದ. ಅದರ ಮೂಲ ಚೀನಾದ ಪೂರ್ವ ಭಾಗ, ಅಲ್ಲಿಂದ ಜಪಾನಿಗಿ ಹೋತು.

ಶಹಾಪುರ_ಮಾಸ್ತರ · ಫೆಬ್ರವರಿ ೪

ತ್ರಿಶೂಲ ಅಂದ್ರ ಹುಡುಗರಿಗಿ ಮರಿಯಂಗಿಲ್ಲ. ಉಪಕಾರ ಆತು.

ಆಳಂದರೋಡ್_ಕೃಷಿ, ಕಲಬುರಗಿ · ಫೆಬ್ರವರಿ ೪

ಎಲೆ ಅಂಚು ಸೀದಿದ್ದಕ್ಕೆ ಬಿಸಿಲೊಂದೇ ಕಾರಣ ಅಲ್ಲ ಅನ್ನಿಸುತ್ತದೆ. ನೀರು ಯಾವುದು ಹಾಕುತ್ತೀರಿ? ಶಹಾಬಾದ್, ಸೇಡಂ, ಚಿತ್ತಾಪುರ ಇಡೀ ಭಾಗದ ಕೆಳಗೆ ಸುಣ್ಣದ ಕಲ್ಲು. ಬೋರ್ ನೀರು ಗಡುಸು. ಮೇಪಲ್‌ಗೆ ಸ್ವಲ್ಪ ಹುಳಿ ಗುಣದ ಮಣ್ಣು ಬೇಕು. ಸುಣ್ಣದ ನೀರು ಹಾಕುತ್ತಾ ಹೋದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿತ್ತೇ, ನೆನಪು ಮಾಡಿಕೊಳ್ಳಿ.

ಬ್ರಹ್ಮಪುರ_ಮಾಳಗಿ · ಫೆಬ್ರವರಿ ೪

ಖರೆ, ಹಂಗೇ ಆಗಿತ್ತು! ಆಗಸ್ಟ್‌ದಾಗ ಮಳಿ ಜೋರ ಬಂದ ಮ್ಯಾಲ ಹೊಸ ಎಲಿ ಪೂರಾ ಹಸಿರು ಬಂದ್ವು. ನಾನು ಬೋರ್ ನೀರೇ ಹಾಕ್ತೀನಿ. ನಮ್ಮ ಪಾತಿಲಿ ತಳಕ್ಕ ಬೆಳ್ಳಗ ಪಟ್ಟಿ ಕಟ್ತದ ಆ ನೀರಿಗಿ. ಮನಿ ಫಿಲ್ಟರ್‌ನಿಂದ ಹೊರಗ ಬರೋ ನೀರು ಹಾಕ್ಲೇನು? ದಿನಾ ಒಂದು ಬಕೆಟ್ ಸುಮ್ನ ಹೋಗ್ತದ.

ಆಳಂದರೋಡ್_ಕೃಷಿ · ಫೆಬ್ರವರಿ ೪

ಬೇಡವೇ ಬೇಡ. ಅದು ಸುಣ್ಣ, ಉಪ್ಪು ಇನ್ನೂ ಜಾಸ್ತಿ ಆಗಿ ಹೊರಬೀಳುವ ನೀರು. ಕುಡಿಯಲು ಬರುವ ಕಡೆಯ ನೀರು ಹಾಕಿ, ಇಲ್ಲವೇ ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಡಿ. ಒಂದೇ ಗಿಡಕ್ಕೆ ಎಷ್ಟು ಬೇಕು? ಹಳದಿ ಮತ್ತೆ ಬಂದರೆ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ತೀರಾ ತೆಳುವಾಗಿ ಕದಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಸುಣ್ಣದ ಮಣ್ಣಿಗೆ ಹಾಕಿದರೆ ಅಲ್ಲೇ ಕಟ್ಟಿಹೋಗುತ್ತದೆ.

ಕಾರಂಜಾ_ನೀರು, ಬೀದರ್ · ಫೆಬ್ರವರಿ ೫

ನಮ್ಮ ಬೀದರ್ ಕೆಂಪು ನೆಲ ಮೇಪಲ್‌ಗಿ ಭಾಳ ಚೊಲೊ ನೋಡ್ರಿ. ನೌಬಾದ್ ಸುರಂಗ ಬಾವಿ ಕೊರೆದದ್ದು ಈ ಜಂಬಿಟ್ಟಿಗಿ ಕಲ್ಲಿನಾಗೇ. ಮ್ಯಾಲಿನ ಮುರುಮ್, ಅಂದ್ರ ಕೆಂಪು ಗರಸು, ಕುಟ್ಟಿ ಜರಡಿ ಹಿಡಿದು, ಜೋಳದ ಕಾಳಿನಷ್ಟು ಗಾತ್ರದ್ದು ಇಟ್ಕೊಂಡು, ಪುಡಿ ಚೆಲ್ಲಬೇಕು. ನೀರು ನಿಂದ್ರಂಗಿಲ್ಲ, ಹಸಿ ಹಿಡೀತದ. ನಾನು ಆರು ವರ್ಷದಿಂದ ಬರೇ ಇದು ಮತ್ತ ಇಟ್ಟಂಗಿ ಚೂರು ಬಳಸ್ತೀನಿ. ನಿಮ್ಮ ಕರಿ ಎರಿ ಮಣ್ಣು ಮಾತ್ರ ಪಾಟ್‌ಗಿ ಹಾಕಬ್ಯಾಡ್ರಿ. ಹಸಿ ಇದ್ದಾಗ ಅಂಟಂಟು, ಒಣಗಿದ್ರ ಬಿರಕು, ಎಳೇ ಬೇರು ಹರಿದು ಹೋಗ್ತಾವ.

ಚಿಂಚೋಳಿ_ಚಿಗುರು · ಫೆಬ್ರವರಿ ೫

ದಪ್ಪ ಬೊಡ್ಡಿ ಬೇಕಂದ್ರ ಇಷ್ಟೆಲ್ಲಾ ಯಾಕ್ರಿ? ಕೋಟಿ ಗ್ವಾಡಿ ಸಂದಿನಾಗ ಅರಳಿ, ಅತ್ತಿ ಎಷ್ಟು ಬೆಳೆದಾವ. ಒಂದು ಕಿತ್ಕೊಂಡ್ರ ನೂರು ವರ್ಷದ ಬೋನ್ಸಾಯ್.

ಶಹಾಪುರ_ಮಾಸ್ತರ · ಫೆಬ್ರವರಿ ೫

ತಮ್ಮಾ, ಹಂಗ ಮಾಡಬ್ಯಾಡ. ಕಲಬುರಗಿ ಕೋಟಿ ಇರಲಿ, ಬೀದರ್ ಕೋಟಿ ಇರಲಿ, ಪುರಾತತ್ವ ಇಲಾಖೆ ಕಾಯೋ ಸ್ಮಾರಕ. ಬಹಮನಿ ಕಾಲದ ಗ್ವಾಡಿ. ಬೇರು ಜಗ್ಗಿದ್ರ ಗಾರಿ ಸಡಲಾಗಿ ಕಲ್ಲು ಕೂಡ ಬೀಳ್ತಾವ. ಆ ಗಿಡ ತಗಿಯೋದು ತಿಳಿದವರ ಕೆಲಸ.

ಸೇಡಂರೋಡ್_ಅಕ್ಕ · ಫೆಬ್ರವರಿ ೫

ಮಾಸ್ತರ ಹೇಳಿದ್ದು ಸರಿ. ಬೇಕಂದ್ರ ಕೆಡವೋ ಮನಿ ನೋಡ್ಕೊರಿ, ಮಾಲಕರಿಗಿ ಕೇಳ್ರಿ. ನನ್ನ ಅರಳಿ ಅಂಥಾದ್ದೇ. ನಮ್ಮ ಓಣಿ ಒಳಗ ಹಳೇ ಮಾಳಗಿ ಮನಿ ಕೆಡವಿದಾಗ ಎರಡು ಫರ್ಸಿ ನಡುವ ಸಿಕ್ತು. ಎಷ್ಟು ವರ್ಷ ಆ ಸಂದಿನಾಗ ಇತ್ತೋ, ಬೇರು ಅಂಗೈ ಚಪ್ಪಟಿ ಮಾಡಿದಂಗ ಆಗಿದ್ವು, ಕಲ್ಲಿನ ಗೆರಿ ಬೇರಿನ ಮ್ಯಾಲ ಅಚ್ಚಾಗಿತ್ತು. ಹಸಿ ಗೋಣಿಚೀಲದಾಗ ಸುತ್ತಿ ತಂದೆ. ಈಗೂ ಆ ಗೆರಿ ಹಂಗೇ ಅದ.

ಯಾದಗಿರಿ_ಬದು · ಫೆಬ್ರವರಿ ೬

ಅಕ್ಕಾರೆ, ನಂದು ಬ್ಯಾರೆ ಸ್ಥಿತಿ. ಹೊಲದ ಬದುವಿನ್ಯಾಗ ಹುಣಸಿ, ಮಣಿಕಟ್ಟಿಗಿಂತ ದಪ್ಪ, ನಮ್ಮದೇ ಹೊಲ. ಇದು ಕಡಿಬಹುದಾ? ಹ್ಯಾಂಗ ಕಡಿಬೇಕು? ಸ್ವಲ್ಪ ಬಿಡಿಸಿ ಹೇಳ್ರಿ.

ಸೇಡಂರೋಡ್_ಅಕ್ಕ · ಫೆಬ್ರವರಿ ೬

ಇದು ಕಡಿಯೋ ಗಿಡ. ಆದ್ರ ಈಗ ಬ್ಯಾಡ. ಹುಣಸಿ, ಆಲ, ಅರಳಿ ನಮ್ಮ ಹವಾಕ್ಕ ಒಗ್ಗಿದ ಗಿಡ, ಅವಕ್ಕ ನಮ್ಮ ಲೆಕ್ಕ. ಮಿರಗ ಮಳಿ ಬಿದ್ದು ಹವಾ ತಂಪಾದ ಮ್ಯಾಲ ಕಡೀರಿ, ಚಿಗುರಿಗಿ ಮೂರು ತಿಂಗಳ ಹಸಿ ಹವಾ ಸಿಗ್ತದ. ಮಾರ್ಚ್‌ದಾಗ ಕಡಿದ್ರ ಚಿಗುರು ಬಿಸಿಗಾಳಿಗಿ ಸಿಗ್ತದ.

ಎಲ್ಲಿ ಕಡಿಬೇಕು ಅಂದ್ರ, ಮುಗಿದ ಗಿಡ ಎಷ್ಟು ಎತ್ತರ ಬೇಕೋ ಅದರ ಮೂರನೇ ಒಂದು ಭಾಗ ಮನಸ್ಸಿನಾಗ ಗುರ್ತು ಹಾಕ್ರಿ. ಗರಗಸ ಅಲ್ಲಿ ಹಚ್ಚಬ್ಯಾಡ್ರಿ, ಅದಕ್ಕಿಂತ ಎರಡಿಂಚು ಮ್ಯಾಲ ಹಚ್ರಿ. ಚಿಗುರು ಎಲ್ಲಿ ಒಡೀತದ ಅನ್ನೋದು ಗಿಡದ ಕೈಯಾಗ ಅದ. ಮೊದಲ ಸಲ ಸಪಾಟ ಕಡೀರಿ, ಓರಿ ಬ್ಯಾಡ. ಮುಂದ ಕಡಿದ ಜಾಗದಿಂದ ಕೆಳಗ ಸ್ವಲ್ಪ ಒಣಗಿ ಬರ್ತದ, ಅದಕ್ಕೂ ಜಾಗಾ ಇಟ್ಟಂಗ ಆಗ್ತದ.

ಹದಿನೈದು ಇಪ್ಪತ್ತು ದಿನಕ್ಕ ತೊಗಟಿ ಒಳಗಿಂದ ಎಳ್ಳು ಕಾಳಿನಂಗ ಚಿಗುರು ಕಾಣ್ತಾವ. ಆಗ ಕೈ ತಡಿಬೇಕು. ಮಂದಿ ಒಂದು ಚಿಗುರು ಬಿಟ್ಟು ಉಳಿದದ್ದು ಅವತ್ತೇ ಉಜ್ಜಿ ತಗೀತಾರ, ಆ ಒಂದು ಹಕ್ಕಿ ಕುಂತು ಮುರಿದ್ರ ಏನ್ ಮಾಡ್ತೀರಿ? ಎಲ್ಲಾ ಒಂದು ಗೇಣು ಬೆಳಿಲಿ. ಆಮ್ಯಾಲ ಬೊಡ್ಡಿ ವಾಟ ನೋಡಿ ಹೊಸ ತಲಿ ಆಗೋದೊಂದು ಆರಿಸಿ, ಎಳೇದಿದ್ದಾಗೇ ಅಲ್ಯುಮಿನಿಯಂ ತಂತಿ ಸುತ್ತಿ ಮ್ಯಾಲಕ್ಕ ಬಗ್ಗಿಸ್ರಿ. ಅದನ್ನ ಕತ್ತರಿ ಮುಟ್ಟಿಸಲಾರದ ಎರಡು ಮೂರು ಫೂಟ್ ಓಡಲಿಕ್ಕೆ ಬಿಡ್ರಿ. ಮರು ವರ್ಷ ಆ ಚಿಗುರಿನ ಎದುರು ಕಡಿಂದ ಓರಿ ಆಗಿ ಮೋಟು ಕೊಯ್ದು, ಅಂಚು ಹರಿತ ಚಾಕುಲೆ ನಯ ಮಾಡ್ರಿ. ಗರಗಸದ ಒರಟು ಅಂಚಿನ ಮ್ಯಾಲ ತೊಗಟಿ ಉರುಳಂಗಿಲ್ಲ.

ಇನ್ನೊಂದು. ಕಡಿದ ಗಿಡಕ್ಕ ಎಲಿ ಇಲ್ಲ, ನೀರು ಕುಡಿಯೋರಿಲ್ಲ. ದಿನಾ ನೀರು ಹಾಕಿದ್ರ ಬೇರು ಕೊಳೀತದ. ನಾನು ಒಂದು ದೊಡ್ಡ ಅತ್ತಿ ಹಿಂಗೇ ಕಳ್ಕೊಂಡೀನಿ. ಪ್ರೀತಿಲೆ ಎರಡು ಹೊತ್ತು ನೀರು ಹಾಕ್ದೆ, ಒಂದು ತಿಂಗಳಿಗಿ ಬುಡ ಬೆರಳಿನಿಂದ ಒತ್ತಿದ್ರ ಒಳಗ ಹೋತು.

ಮೇಪಲ್‌ಗಿ ಇದೇ ದಾರಿ, ಫರಕು ಏನಂದ್ರ ಅದು ಹೆಚ್ಚಾಗಿ ಗಿಣ್ಣಿನ ಉಂಗುರದಾಗೇ ಚಿಗೀತದ. ಬೊಡ್ಡಿ ಮ್ಯಾಲ ತೆಳ್ಳನ ಗೆರಿ ಸುತ್ತ ಕಾಣ್ತದಲ್ಲ, ಅದರ ಮ್ಯಾಲ ಒಂದಿಂಚು ಬಿಟ್ಟು ಕಡಿಬೇಕು.

ಅವ್ವನ_ತ್ವಾಟ · ಫೆಬ್ರವರಿ ೬

ಗಾಯಕ್ಕ ಅರಿಶಿಣ, ಸೆಗಣಿ ಕಲಸಿ ಮೆತ್ರಿ. ನಮ್ಮ ಹಿರಿಯರು ಮಾವಿಗಿ ಅದೇ ಮಾಡ್ತಿದ್ರು.

ಆಳಂದರೋಡ್_ಕೃಷಿ · ಫೆಬ್ರವರಿ ೬

ಅಮ್ಮಾ, ಹೊಲದ ಮಾವು ತಾಳಿಕೊಂಡಿರಬಹುದು. ಪಾಟಿನ ಗಿಡಕ್ಕೆ ಹಸಿ ಸೆಗಣಿ ಬೇಡ ಎನ್ನುತ್ತೇನೆ, ಮಳೆಗಾಲದಲ್ಲಿ ಅದರಲ್ಲೇ ಬೂಷ್ಟು ಬೆಳೆಯುತ್ತದೆ. ದಾಳಿಂಬೆಯವರು ಹಚ್ಚುವ ಬೋರ್ಡೊ ಮುಲಾಮು ಇದೆಯಲ್ಲ, ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦ ಲೀಟರ್ ನೀರು. ಮನೆಗೆ ನೂರು ಗ್ರಾಂ ಲೆಕ್ಕದಲ್ಲಿ ಮಾಡಿಕೊಳ್ಳಿ. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆ ಬೇಕು, ಕಬ್ಬಿಣದ ಬಕೆಟ್ ಬೇಡ.

ಅವ್ವನ_ತ್ವಾಟ · ಫೆಬ್ರವರಿ ೬

ಹುಣಸಿ, ಅರಳಿ ಅಂದ್ರ ನನಗೂ ಕೇಳಲಿಕ್ಕೆ ಚೊಲೊ ಅನಸ್ಲಿಕ್ಕತ್ತದ. ಹೇಳ್ಕೊಂತ ಹೋಗ್ರಿ.

ಬ್ರಹ್ಮಪುರ_ಮಾಳಗಿ · ಫೆಬ್ರವರಿ ೭

ಎಲ್ಲಾರ ಮಾತು ಎರಡೆರಡು ಸಲ ಓದೀನಿ. ಗರಗಸ ಒಳಗಿಟ್ಟೀನಿ. ಹಂಗಾದ್ರ ಈಗ ನಾನೇನ್ ಮಾಡ್ಲಿ? ಸುಮ್ನ ನೋಡ್ಕೊಂತ ಕೂಡಬೇಕೇನು?

ಆಳಂದ_ಟೊರಾಂಟೊ · ಫೆಬ್ರವರಿ ೭

ಕೂಡಬ್ಯಾಡ್ರಿ, ಇದೇ ವಾರ ಭಾಳ ಕೆಲಸ ಅದ. ಮೊಗ್ಗಿ ಉಬ್ಬಿ ಇನ್ನೂ ಒಡಿಲಾರದ ಈ ಹೊತ್ತು ಬೇರಿನ ಕೆಲಸಕ್ಕ ಹೇಳಿ ಮಾಡಿಸಿದ್ದು. ಪಾಟಿನಿಂದ ತಗೀರಿ. ನಡುವಿನ ತಾಯಿಬೇರು ಗಿಡ್ಡ ಮಾಡ್ರಿ. ಉಳಿದ ಬೇರು ಸೂರ್ಯನ ಕಿರಣದಂಗ ಸುತ್ತಲೂ ಹರವ್ರಿ. ಕೆಳಗ ಒಂದು ಸಪಾಟ ಕಲ್ಲು ಇಟ್ಟು ಅದರ ಮ್ಯಾಲ ಗಿಡ ಕುಂದ್ರಸ್ರಿ. ಬೇರು ಕೆಳಗ ಇಳಿಲಾರದ ಅಡ್ಡ ಓಡ್ತಾವ, ಬುಡ ಮಣ್ಣು ಹಿಡಿದು ನಿಂತಂಗ ಕಾಣ್ತದ. ಅಗಲ ಕ್ರೇಟ್ ಬೇಕು, ಆಳ ಕಡಿಮಿ. ಮ್ಯಾಲಿನ ಬೆಳವಣಿಗಿ ಮುಟ್ಟಬ್ಯಾಡ್ರಿ.

ಕಾರಂಜಾ_ನೀರು · ಫೆಬ್ರವರಿ ೭

ಕಲ್ಲು ಬೇಕಂದ್ರ ಕಲಬುರಗಿ ಮಂದಿ ದೂರ ಹೋಗಬೇಕೇನು? ಶಹಾಬಾದ್ ಫರ್ಸಿ ತುಣುಕು ಪ್ರತಿ ಮನಿ ಹಿಂದ ಬಿದ್ದಿರ್ತಾವ!

ಆಳಂದರೋಡ್_ಕೃಷಿ · ಫೆಬ್ರವರಿ ೭

ಸ್ವಲ್ಪ ತಡೆಯಿರಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಮೇಪಲ್ ಬೇರಿನ ಕೆಳಗೆ ಸುಣ್ಣ ಇಟ್ಟಂತಾಗುತ್ತದೆ. ಹುಣಸೆಗೆ, ಅರಳಿಗೆ ಇಡಿ, ತೊಂದರೆ ಇಲ್ಲ. ಇದಕ್ಕೆ ಹಳೆಯ ಟೈಲ್ಸ್ ಇಲ್ಲವೇ ಹಂಚು ಇಡಿ.

ಬ್ರಹ್ಮಪುರ_ಮಾಳಗಿ · ಫೆಬ್ರವರಿ ೧೦

ನಿನ್ನೆ ಆಯಿತಾರ ಮಾಡಿ ಮುಗಿಸ್ದೆ. ಪಾಟ್ ಉರುಳಿಸಿ ಗಿಡ ಜಗ್ಗಿದ್ರ ಬೇರು ಪಾಟಿನ ಗೋಡಿಗುಂಟ ಮೂರು ಸುತ್ತು ಸಿಂಬಿ ಸುತ್ತಿದ್ವು. ಬೇರು ಬಿಡಿಸ್ಲಿಕ್ಕೆ ವಿಡಿಯೋದಾಗಿನಂಗ ಚಾಪ್‌ಸ್ಟಿಕ್ ಎಲ್ಲಿಂದ ತರೋದು, ಅವ್ವ ಸ್ವೆಟರ್ ಹೆಣಿಯೋ ಸೂಜಿ ಕೊಟ್ಲು. ಒಂದೊಂದೇ ಬೇರು ಬಿಡಿಸ್ಲಿಕ್ಕೆ ಎರಡು ತಾಸು ಆತು. ತಾಯಿಬೇರು ಪೆನ್ನಿನಷ್ಟು ದಪ್ಪ ಇತ್ತು, ಗಿಡ ಕೊಯ್ಯೋ ಕತ್ತರಿಲೆ ಕೊಯ್ದೆ. ಬುಡದ ಕೆಳಗ ಹಳೇ ಬಚ್ಚಲದ ಟೈಲ್ಸ್ ಇಟ್ಟು, ಏಳು ಬೇರು ಸುತ್ತ ಹರವಿ, ಮ್ಯಾಲ ಮುರುಮ್ ಮತ್ತ ಇಟ್ಟಂಗಿ ಚೂರು. ಮುರುಮ್ ಬೀದರ್ ಸರ್ ರೈಲಿನಾಗ ಬರೋ ಪರಿಚಯದವರ ಕೈಯಾಗ ಕಳಿಸಿದ್ರು, ರೊಕ್ಕ ತಗೊಳ್ಳಲಿಲ್ಲ. ಬುಡ ಅಳೆದೆ, ೧೧ ಮಿಲಿಮೀಟರ್.

ಸೇಡಂರೋಡ್_ಅಕ್ಕ · ಫೆಬ್ರವರಿ ೧೦

ಏಳು ಬೇರು ಸುತ್ತ ಸಿಕ್ಕಾವ ಅಂದ್ರ ಭಾಗ್ಯ. ಎರಡು ವಾರ ನೆರಳು, ಗಾಳಿ ಬೀಸಲಾರದ ಮೂಲಿ. ಗೊಬ್ಬರ ಈಗ ಬ್ಯಾಡ.

ಬ್ರಹ್ಮಪುರ_ಮಾಳಗಿ · ಜೂನ್ ೧೭

ಬ್ಯಾಸಗಿ ದಾಟ್ತು. ನೆಟ್ ಎರಡು ಪದರ ಮಾಡಿದ್ದೆ, ಕ್ರೇಟ್ ಸುತ್ತ ಹಸಿ ಗೋಣಿಚೀಲ, ನೀರು ಕುಡಿಯೋ ನಳದ್ದು. ಅಂಚು ಈ ಸಲಾನೂ ಸುಟ್ಟಾವ, ಆದ್ರ ಹೋದ ವರ್ಷದ ಅರ್ಧ ಇಲ್ಲ. ಹಳ್ದಿ ಒಂದೂ ಇಲ್ಲ. ಮಿರಗ ಮಳಿ ಬಿದ್ದ ಎಂಟು ದಿನಕ್ಕ ತುದಿ ಮ್ಯಾಲ ಮೂರು ಟೊಂಗಿ ಓಡಲಿಕ್ಕತ್ಯಾವ. ಬುಡ ೧೪ ಮಿಲಿಮೀಟರ್.

ಯಾದಗಿರಿ_ಬದು · ಜೂನ್ ೨೦

ನಾನು ಹುಣಸಿ ಮೊನ್ನೆ ಕಡಿದೆ, ಅಕ್ಕಾರು ಹೇಳಿದಂಗ ಸಪಾಟ. ಅಪ್ಪ ದೂರ ನಿಂತು ನೋಡಿ, ಮಾತಾಡಲಾರದ ಹೊಲಕ್ಕ ಹೋದ್ರು. ಚಿಗುರು ಬಂದ ದಿನ ಕರ್ಕೊಂಡು ಬಂದು ತೋರಸ್ತೀನಿ.

ಕಾರಂಜಾ_ನೀರು · ನವೆಂಬರ್ ೨೩

ಬ್ರಹ್ಮಪುರದ ಸರ್, ಒಂದು ವಿಚಾರ. ಬೀದರ್ ಸಮುದ್ರಮಟ್ಟದಿಂದ ೭೦೦ ಮೀಟರ್ ಆಸುಪಾಸು, ನಿಮ್ಮದು ೪೫೦. ನಮ್ಮಲ್ಲಿ ಥಂಡಿ ಜಾಸ್ತಿ. ಡಿಸೆಂಬರ್, ಜನವರಿ ಎರಡು ತಿಂಗಳ ಗಿಡ ನಮ್ಮ ಮನಿ ಹಿತ್ತಲಾಗ ಇಡ್ರಿ, ಉತ್ತರ ದಿಕ್ಕಿಗಿ, ಬಿಸಿಲು ಬೀಳಲಾರದ ಕಡಿ. ಹಿಮಾಚಲ ಆಗಂಗಿಲ್ಲ, ಆದ್ರೂ ಸ್ವಲ್ಪ ಗಾಢ ನಿದ್ದಿ ಆಗ್ತದ. ೨೦೧೭ಕ್ಕ ಚಾಲೂ ಆದ ನಮ್ಮ ರೈಲು ಅದನಲ್ಲ, ನಾನೇ ಬಂದು ಒಯ್ತೀನಿ.

ಬ್ರಹ್ಮಪುರ_ಮಾಳಗಿ · ನವೆಂಬರ್ ೨೩

ಸರ್, ನಿಮ್ಮ ಮಾತಿಗಿ ಏನ್ ಹೇಳಬೇಕು ತಿಳಿವಲ್ದು. ಡಿಸೆಂಬರ್ ೧ಕ್ಕ ನಾನೇ ತರ್ತೀನಿ. ಅಕ್ಕಗ ಫೋನ್ ಮಾಡಿ ಹೇಳ್ದೆ, ಗಿಡ ಮತ್ತೊಮ್ಮೆ ರೈಲು ಹತ್ತತದ ಅಂತ ಆಕಿಗಿ ಭಾಳ ಖುಷಿ.

ಬ್ರಹ್ಮಪುರ_ಮಾಳಗಿ · ಮರು ವರ್ಷ, ಜುಲೈ ೬

ನಮಸ್ಕಾರ. ಬೀದರ್ ಥಂಡಿ ಕಂಡು ಬಂದ ಗಿಡ ಈ ಸಲ ಒಂದೇ ವಾರದಾಗ ಎಲ್ಲಾ ಮೊಗ್ಗಿ ಒಡೀತು. ಹೋದ ಸಲ ಒಂದು ತಿಂಗಳ ಹಿಡಿದಿತ್ತು. ಬುಡ ೨೩ ಮಿಲಿಮೀಟರ್, ಎತ್ತರ ನನ್ನ ಎದಿಮಟ ಬಂದದ. ಮ್ಯಾಲಿನ ಭಾಗ ಗಾಳಿಗಿ ಭಾಳ ಓಲಾಡ್ತದ. ಈಗ ಸ್ವಲ್ಪ ಕಡಿಲೇನು?

ಸೇಡಂರೋಡ್_ಅಕ್ಕ · ಜುಲೈ ೬

ಎರಡಿಂಚಿಗಿ ಇನ್ನೂ ಅರ್ಧ ದಾರಿ ಅದ. ಬುಡದ ಕಡಿ ಮುಟ್ಟಬ್ಯಾಡ್ರಿ. ಆದ್ರ ಎರಡೂವರಿ ಫೂಟಿನ ಮ್ಯಾಲಿನದು ಇಳಿಸಿದ್ರ ನಡೀತದ, ಕೆಳಗ ಟೊಂಗಿ ಸಾಕಷ್ಟು ಅವ. ಕಡಿದು ಚೆಲ್ಲೋದು ಯಾಕ? ಕಾಗಿಣಾದವರು ಗೂಟಿ ಕಟ್ಟೋದು, ಅಂದ್ರ ಗಿಡದ ಮ್ಯಾಲ ಇದ್ದಾಗೇ ಟೊಂಗಿಗಿ ಬೇರು ಬರಿಸೋದು, ಹೇಳಲಿ.

ಕಾಗಿಣಾ_ದಂಡಿ · ಜುಲೈ ೬

ದಾಳಿಂಬಿಗಿ ಕಟ್ಟಿದಂಗೇ. ಟೊಂಗಿ ಎಷ್ಟು ದಪ್ಪ ಅದನೋ ಅದರ ಒಂದೂವರಿ ಪಟ್ಟು ಅಗಲ ಸುತ್ತ ತೊಗಟಿ ಉಂಗುರ ತಗೀರಿ. ಬಿಳೇ ಕಟ್ಟಿಗಿ ಮ್ಯಾಲ ಜಾರೋ ಹಸಿ ಪದರ ಇರ್ತದ, ಚಾಕು ಬೆನ್ನಿಲೆ ಕೆರೆದು ಒರಸ್ರಿ. ಅದು ಉಳೀತಂದ್ರ ತೊಗಟಿ ಮತ್ತ ಕೂಡ್ಕೊಂತದ, ಬೇರು ಬರಂಗಿಲ್ಲ. ನೆನೆಸಿ ಹಿಂಡಿದ ಪಾಚಿ ಒಂದು ಮುಷ್ಟಿ, ಮ್ಯಾಲ ತೆಳ್ಳನ ಪ್ಲಾಸ್ಟಿಕ್, ಎರಡೂ ತುದಿ ಬಿಗಿ. ಮಳಿ ನೀರು ಒಳಗ ಹೋಗಬಾರದು. ಬೇರಿನ ಉದ್ದೇಶಕ್ಕ ಉಂಗುರದ ಮ್ಯಾಲಿನ ಅಂಚು ಮುಖ್ಯ, ಅದು ಹರಿತ ಚಾಕುಲೆ ನೀಟ ಇರಬೇಕು.

ಶಹಾಪುರ_ಮಾಸ್ತರ · ಜುಲೈ ೭

ಮ್ಯಾಲಿನ ತುಂಡು ಬೇರು ಬಿಟ್ರ ಯಾರಿಗಿ ಕೊಡ್ತೀರಿ? ನಮ್ಮ ಸಾಲಿ ಹುಡುಗರಿಗಿ ತ್ರಿಶೂಲದ ಎಲಿ ಇನ್ನೂ ನೆನಪದ. ಕೇಳಲಿಕ್ಕೆ ಸಂಕೋಚ, ಆದ್ರೂ ಕೇಳೀನಿ.

ಬ್ರಹ್ಮಪುರ_ಮಾಳಗಿ · ಜುಲೈ ೭

ಅದು ಸಾಲಿದೇ ಸರ್, ಮಾತು ಆತು.

ಯಾದಗಿರಿ_ಬದು · ಜುಲೈ ೯

ಹುಣಸಿ ಸುದ್ದಿ ಹೇಳೋದು ಮರೆತಿದ್ದೆ. ಹೋದ ವರ್ಷ ಹದಿನೇಳು ಚಿಗುರು ಬಂದ್ವು, ಈಗ ಹೊಸ ತಲಿ ನನ್ನ ಹೆಬ್ಬೆಟ್ಟು ದಪ್ಪ. ಮೋಟು ಓರಿ ಕೊಯ್ಯೋದು ಅಪ್ಪಾನೇ ಮಾಡಿದ್ರು, ಚಾಕು ತಾವೇ ಮಸೆದು. ಗಾಯದ ಸುತ್ತ ತೊಗಟಿ ಅಂಚು ತುಟಿಯಂಗ ಉರುಳಿ ಬರಲಿಕ್ಕತ್ತದ.

ಬ್ರಹ್ಮಪುರ_ಮಾಳಗಿ · ಸೆಪ್ಟೆಂಬರ್ ೫

ಇವತ್ತು ಮುಂಜಾನಿ ನೋಡಿದ್ರ ಪ್ಲಾಸ್ಟಿಕ್ ಒಳಗ ಶಾವಿಗಿ ಎಳಿಯಂಗ ಬಿಳೇ ಬೇರು, ತುದಿ ಹಸಿರು ಹಸಿರು. ಎಣಿಸಿದೆ, ಹೊರಗ ಕಾಣೋವೇ ಒಂಬತ್ತು. ಕಾಗಿಣಾ ಅಣ್ಣಾ, ಈಗ ಕೊಯ್ಲೇನು?

ಕಾಗಿಣಾ_ದಂಡಿ · ಸೆಪ್ಟೆಂಬರ್ ೫

ಇನ್ನೂ ಎರಡು ವಾರ ತಡೀರಿ. ಬಿಳೇ ಬೇರು ಕಂದು ಬಣ್ಣಕ್ಕ ತಿರುಗಲಿ, ಈಗ ಮುಟ್ಟಿದ್ರ ಮುರೀತಾವ.

ಬ್ರಹ್ಮಪುರ_ಮಾಳಗಿ · ಸೆಪ್ಟೆಂಬರ್ ೨೦

ಕೊಯ್ದೆ. ಎರಡು ವರ್ಷದಿಂದ ಒಳಗಿದ್ದ ಗರಗಸಕ್ಕ ಇವತ್ತು ಕೆಲಸ ಸಿಕ್ತು, ಉಂಗುರದ ಕೆಳಗ ಎಂಟು ಸಲ ಎಳೆದ್ರ ಮುಗೀತು. ಮಾಸ್ತರ ಸರ್, ಪಾಚಿ ಬಿಡಿಸಲಾರದ ಹಂಗೇ ಪಾಟ್‌ಗಿ ಹಾಕೀನಿ. ಒಂದು ತಿಂಗಳ ನನ್ನ ಬಲ್ಲೇ ನೆರಳಾಗ ಇರಲಿ. ದೀಪಾವಳಿ ರಜಾ ಮುಗಿಸಿ ಸಾಲಿ ತೆರೆಯೋ ವಾರ ಬರ್ರಿ. ಬರೋವಾಗ ಮಳಿ ನೀರು ಹಿಡಿಯೋ ಡ್ರಮ್ಮಿಗಿ ಸಾಲಿ ಒಳಗ ಎಲ್ಲಿ ಜಾಗಾ ಅದ ನೋಡ್ಕೊಂಡು ಬರ್ರಿ, ಬೋರ್ ನೀರು ಹಾಕಬ್ಯಾಡ್ರಿ.